ಅಂತರಪಟ ಹಿಡಿದ ಶ್ರೀಮಂತ

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ನೋಡಿ, ಅವನಿಗೆ ಹಣಕ್ಕಿಂತ ತನ್ನ ಎತ್ತರದ ಮೇಲೆ ಹೆಮ್ಮೆ. ಊರಿನ ಯಾವ ಮದುವೆಯಾದರೂ ಅಂತರಪಟದ ಒಂದು ತುದಿ ಹಿಡಿಯುವವನು ಅವನೇ. ಗಟ್ಟಿಮೇಳ ಮೊಳಗಿದೊಡನೆ ಬಟ್ಟೆ ಸರ್ರನೆ ಜಾರಬೇಕು. "ನನ್ನ ಕೈಲಿ ಮುಹೂರ್ತ ಯಾವತ್ತೂ ತಪ್ಪಿಲ್ಲ" ಎಂದು ಪಾಯಸ ಮುಗಿಯುವವರೆಗೂ ಹೇಳಿಕೊಳ್ಳುತ್ತಿದ್ದ.

ಅವನಿಗೊಬ್ಬಳೇ ಮಗಳು. ಬಂದ ಗಂಡುಗಳಿಗೆಲ್ಲ ಉಪ್ಪಿಟ್ಟು ತಿನ್ನಿಸಿ ಕಳಿಸಿ, ಕೊನೆಗೊಂದು ದಿನ ಹೇಳಿದಳು: "ಅಪ್ಪಾ, ನಾನು ಮದುವೆ ಆದ್ರೆ ಅವಳನ್ನೇ."

ಅವಳೆಂದರೆ ಮಗಳ ಗೆಳತಿ. ಚಿಕ್ಕಂದಿನಿಂದ ಆ ಮನೆಯಲ್ಲೇ ಉಂಡು ಬೆಳೆದವಳು. ಶ್ರೀಮಂತನೇ ಅವಳನ್ನು 'ನಮ್ಮನೆ ಹುಡುಗಿ' ಎನ್ನುತ್ತಿದ್ದ.

ಅವನು ಸಿಟ್ಟಿನಿಂದ ಟಿವಿ ಹಾಕಿದ. ಅಲ್ಲೂ ಅದೇ ಸುದ್ದಿ. ಹೆಣ್ಣು-ಹೆಣ್ಣು, ಗಂಡು-ಗಂಡು ಮದುವೆ ಯೂರೋಪಿನ ಎಷ್ಟೋ ದೇಶಗಳಲ್ಲಿ ಆಯಿತು, ತೈವಾನಿನಲ್ಲಿ ಆಯಿತು, ಥಾಯ್ಲೆಂಡಿನಲ್ಲೂ ಕಾನೂನಾಯಿತು.

"ಲೋಕಕ್ಕೇ ಹುಚ್ಚು ಹಿಡಿದಿದೆ."

ಅಡುಗೆಮನೆಯಿಂದ ಅವನ ಅಕ್ಕ ಅಂದಳು: "ಲೋಕಕ್ಕೆಲ್ಲ ಹುಚ್ಚು, ನೀನೊಬ್ಬನೇ ನೆಟ್ಟಗಿದೀಯ. ಯಾವುದಕ್ಕೂ ಒಂದ್ಸಲ ಡಾಕ್ಟರಿಗೆ ತೋರಿಸ್ಕೋ."

ನಮ್ಮ ಕಾನೂನು ಇನ್ನೂ ಅಲ್ಲಿಗೆ ತಲುಪಿಲ್ಲ, ನಿಜ. ಮಗಳೆಂದಳು: "ಸರ್ಕಾರ ಒಪ್ಪುವಾಗ ಒಪ್ಪಲಿ ಅಪ್ಪಾ. ಅಂತರಪಟ ಮಾತ್ರ ನೀನೇ ಹಿಡೀಬೇಕು. ನೀನಿಲ್ಲದ ಮದುವೆ ನಮಗೆ ಬೇಡ."

ಶ್ರೀಮಂತ ಒಪ್ಪಿಬಿಟ್ಟ. ಯಾಕೆ ಗೊತ್ತೇ? ಹಿಡಿಯುತ್ತೇನೆ ಎಂದನೇ ಹೊರತು ಬಿಡುತ್ತೇನೆ ಎನ್ನಲಿಲ್ಲ. ಮುಹೂರ್ತ ಮೀರಿಸಿಬಿಟ್ಟರೆ ಮದುವೆ ತಾನಾಗಿ ನಿಲ್ಲುತ್ತದೆ ಎಂದು ಎಣಿಸಿದ.

ಮನೆಯ ಮಹಡಿಯ ಮೇಲೆ ಚಪ್ಪರ. ಗಟ್ಟಿಮೇಳ ಮೊಳಗಿತು. ಬಟ್ಟೆ ಜಾರಲಿಲ್ಲ. ಓಲಗದವನು ಊದಿದ, ಊದಿದ, ಕೆನ್ನೆ ಸೋಲುವವರೆಗೂ ಊದಿದ.

ಇನ್ನೊಂದು ತುದಿ ಹಿಡಿದಿದ್ದ ಅಕ್ಕ ಹಲ್ಲು ಕಡಿದಳು. "ಬಿಡೋ."

"ಬಿಡಲ್ಲ."

ಅಂತರಪಟ ಹಿಡಿದವನಿಗೆ ಒಂದು ಭಾಗ್ಯವಿದೆ, ಗಮನಿಸಿದ್ದೀರಾ? ಎರಡೂ ಕಡೆಯ ಮುಖ ಒಟ್ಟಿಗೆ ಕಾಣುತ್ತದೆ. ಇಷ್ಟು ಮದುವೆಗಳಲ್ಲಿ ಅವನು ನೋಡಿದ್ದು ಪುರೋಹಿತರ ಸನ್ನೆಯನ್ನು ಮಾತ್ರ. ಇವತ್ತು ಬಗ್ಗಿ ನೋಡಿದ. ಈಚೆಯವಳ ಅಂಗೈಯಲ್ಲಿ ಜೀರಿಗೆ-ಬೆಲ್ಲ ಬೆವರಿಗೆ ಕರಗುತ್ತಿತ್ತು. ಆಚೆಯವಳದೂ ಹಾಗೆಯೇ. ಇಬ್ಬರೂ ಕತ್ತೆತ್ತಿ ಅವನನ್ನೇ ನೋಡುತ್ತಿದ್ದರು.

"ಅಪ್ಪಾ, ಕೈ ನೋಯ್ತಿದೆಯಾ?" ಎಂದಳು ಮಗಳು.

"ಎಡ ಭುಜ ಅಲ್ವಾ? ಬೆಳಿಗ್ಗೆ ಎಣ್ಣೆ ಹಚ್ಚಿರಲ್ಲ ಇವರು" ಎಂದಳು ಆಚೆಯವಳು.

ಹತ್ತಿರದ ನೆಂಟರಿಗೂ ಗೊತ್ತಿರದ ನೋವು ಅದು. ನಮ್ಮನೆ ಹುಡುಗಿಗೆ ಗೊತ್ತಿತ್ತು.

"ನೋಯ್ತಿದೆ ಕಣ್ರಮ್ಮಾ" ಎಂದ ಶ್ರೀಮಂತ. ಬಟ್ಟೆ ಜಾರಿತು.

"ಅಂತೂ ಮುಹೂರ್ತ ತಪ್ಪಿಸಿದೆಯಲ್ಲೋ" ಎಂದಳು ಅಕ್ಕ.

"ಇಲ್ಲ ಕಣಕ್ಕ, ಈಗ ಬಂತು."

ನಗುತ್ತಿದ್ದೀರಿ. ನಗಿ. ಆದರೆ ನಿಮ್ಮ ಕೈ ಎಲ್ಲಿದೆ, ನೋಡಿಕೊಳ್ಳಿ. ಲೋಕದ ಎಷ್ಟೋ ಮನೆಗಳಲ್ಲಿ ಬಟ್ಟೆ ಜಾರಿ ಅಕ್ಷತೆ ಬಿದ್ದಾಯಿತು. ನಾವು ಮಾತ್ರ ಭುಜ ನೋಯಿಸಿಕೊಂಡು ಹಿಡಿದೇ ನಿಂತಿದ್ದೇವೆ. ಯಾರನ್ನು ಕಾಯಲು? ಯಾರಿಂದ ಕಾಯಲು?

ಇವತ್ತು ಮನೆಗೆ ಹೋದವರು ಇಷ್ಟು ಮಾಡಿ. ಗೆಳೆಯನ ಜೊತೆಗಿರುವ ಮಗ ಹಬ್ಬಕ್ಕೆ ಬರಲೇ ಎಂದು ಕೇಳಿದರೆ, "ಇಬ್ಬರೂ ಬನ್ನಿ" ಎನ್ನಿ. ಮಗಳ ಜೊತೆಗಿರುವವಳು ಯಾರೆಂದು ಪಕ್ಕದ ಮನೆಯವರು ಕೇಳಿದರೆ "ರೂಮ್‌ಮೇಟ್" ಎಂದು ತೇಲಿಸಬೇಡಿ, "ನಮ್ಮನೆ ಹುಡುಗಿ" ಎನ್ನಿ. ಒಂದು ಎಲೆ ಹೆಚ್ಚು ಹಾಕಿ.

ಅವರ ಅಂಗೈಯಲ್ಲಿ ಬೆಲ್ಲ ಕರಗುತ್ತಿದೆ. ಕೈ ಇಳಿಸಿ.