ಮಡಿಲಲ್ಲಿ ಕೂತು ಹೋಗುವ ಥರ್ಮಾಮೀಟರ್

ಅಧ್ಯಕ್ಷತೆ ವಹಿಸಿರುವ ನಮ್ಮ ಪ್ರಯೋಗಾಲಯದ ನಿರ್ದೇಶಕರಾದ ಗಾಂಚೆವ್ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ರೂಸೆ ನಗರದ ಉಪಮೇಯರ್ ಶ್ರೀಮತಿ ರಾದೋಸ್ಲಾವಾ ಅವರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕಿರುವ ಗಣ್ಯರೇ, ಸಿಗದೆ ಕೆಳಗೆ ಕುಳಿತಿರುವ ಗಣ್ಯರೇ, ಮತ್ತು ಹೊರಗೆ ಬಿಸಿ ತಿಂಡಿ ಬಾನಿತ್ಸಾ ಆರಿಹೋಗುತ್ತಿದೆಯೆಂಬ ಸಂಕಟದಲ್ಲಿರುವ ನನ್ನ ಪ್ರೀತಿಯ ಸಭಿಕರೇ,

ನನ್ನ ಗುಣಗಾನ ಈಗಾಗಲೇ ಮೂವರಿಂದ ಆಗಿದೆ. ಅದರಲ್ಲಿ ಒಬ್ಬರು ನನ್ನ ಹೆಸರನ್ನೂ ಸರಿಯಾಗಿ ಹೇಳಿದರು. ಎಲ್ಲರಿಗೂ ಕೃತಜ್ಞ. ಆದರೆ ಉಪಮೇಯರ್ ಅವರಲ್ಲಿ ಒಂದು ವಿನಂತಿ: ದಯಮಾಡಿ ತಮ್ಮ ಮೊಣಕೈಯನ್ನು ಮೇಜಿನಿಂದ ತೆಗೆಯಬೇಕು. ಹೂಗುಚ್ಛದ ಪಕ್ಕದಲ್ಲಿರುವ ಆ ಉದ್ದನೆಯ ಮರದ ಪೆಟ್ಟಿಗೆ ನಿವೃತ್ತಿಯ ಉಡುಗೊರೆಯಲ್ಲ. ಅದರೊಳಗೆ ಒಂದು ಥರ್ಮಾಮೀಟರ್ ಮಲಗಿದೆ. ನಾಳೆ ಬೆಳಿಗ್ಗೆ ಅದು ರೈಲು ಹತ್ತಿ, ಡ್ಯಾನ್ಯೂಬ್ ದಾಟಿ, ಬುಖಾರೆಸ್ಟಿಗೆ ಹೋಗಬೇಕು. ಯಾರ ಮಡಿಲಲ್ಲಿ ಕೂತು ಹೋಗಬೇಕು ಎಂಬುದು ನಿಮಗೆಲ್ಲ ಗೊತ್ತು. ಆ ಭಾಗ್ಯಶಾಲಿಯೇ ಈಗ ಮಾತನಾಡುತ್ತಿದ್ದಾನೆ.

ಥರ್ಮಾಮೀಟರಿಗೆ ಇಷ್ಟೆಲ್ಲ ಮರ್ಯಾದೆಯೇ ಎಂದು ನೀವು ಕೇಳಬಹುದು. ಕೇಳಿ. ನನ್ನ ಮದುವೆಯ ದಿನ ನನ್ನ ಮಾವನವರೂ ಕೇಳಿದ್ದರು. ಇದರ ಹೊಟ್ಟೆಯಲ್ಲಿರುವುದು ಕೂದಲಿನಂಥ ಪ್ಲಾಟಿನಮ್ ತಂತಿ. ಬಿಸಿಯಾದಂತೆಲ್ಲ ಅದರೊಳಗೆ ವಿದ್ಯುತ್ತು ಹರಿಯುವುದು ಕಷ್ಟವಾಗುತ್ತದೆ. ಎಷ್ಟು ಕಷ್ಟ ಎಂಬುದನ್ನು ಅಳೆದು ನಾವು ತಾಪಮಾನವನ್ನು ಹೇಳುತ್ತೇವೆ. ಹಾಗೆ ಹೇಳುವಾಗ ಊರಿಗೊಂದು ಮಾತು ಆಗಬಾರದಲ್ಲ, ಅದಕ್ಕಾಗಿ ಲೋಕದ ದೇಶಗಳೆಲ್ಲ ಕೂಡಿ ಕೆಲವು ಗುರುತುಗಳನ್ನು ಒಪ್ಪಿಕೊಂಡಿವೆ. ನೀರು, ಮಂಜುಗಡ್ಡೆ, ಆವಿ ಮೂರೂ ಒಂದೇ ಗಾಜಿನ ಕೊಳವೆಯಲ್ಲಿ ಜಗಳವಿಲ್ಲದೆ ಬಾಳುವ ತಾಪಮಾನ ಒಂದು. ತವರ ಹೆಪ್ಪುಗಟ್ಟುವ ತಾಪಮಾನ ಇನ್ನೊಂದು. ಸತು ಹೆಪ್ಪುಗಟ್ಟುವುದು ಮತ್ತೊಂದು. ಮನುಷ್ಯರು ಒಮ್ಮತಕ್ಕೆ ಬಂದ ವಿಷಯಗಳ ಪಟ್ಟಿ ಬಹಳ ಚಿಕ್ಕದು. ಅದರಲ್ಲಿ ತವರಕ್ಕೆ ಜಾಗ ಸಿಕ್ಕಿದೆ ಎಂಬುದೇ ನನಗೆ ಸಮಾಧಾನ.

ಈಗ ಎಂಟು ದೇಶಗಳು ಇದೇ ಒಂದು ಥರ್ಮಾಮೀಟರನ್ನು ಸರದಿಯ ಮೇಲೆ ಪರೀಕ್ಷಿಸುತ್ತಿವೆ. ಎಲ್ಲರ ಉತ್ತರ ಹೊಂದಿದರೆ ಎಲ್ಲರಿಗೂ ಮಾನ್ಯತೆ. ನಮ್ಮ ಸರದಿ ಮುಗಿಯಿತು, ಮುಂದಿನದು ಬುಖಾರೆಸ್ಟ್. ದಾರಿಯಲ್ಲಿ ಇದಕ್ಕೊಂದು ಪೆಟ್ಟು ಬಿತ್ತು ಅನ್ನಿ, ಗಾಜು ಒಡೆಯಬೇಕಾಗಿಲ್ಲ. ಬರೀ ಅದುರಿದರೆ ಸಾಕು, ಒಳಗಿನ ತಂತಿ ಬಿಗಿದುಕೊಂಡು ಸುಳ್ಳು ಹೇಳುವುದನ್ನು ಕಲಿಯುತ್ತದೆ. ನೋಡಿದರೆ ಗೊತ್ತೇ ಆಗದು. ಎಂಟು ದೇಶಗಳ ಕೆಲಸ ಡ್ಯಾನ್ಯೂಬಿನ ಪಾಲು. ನಮ್ಮ ಮಾನ್ಯತೆ ಹೋದರೆ, ಈ ಊರಿನ ಆಸ್ಪತ್ರೆಯಲ್ಲಿ ರಕ್ತ ಇಡುವ ಪೆಟ್ಟಿಗೆ ತಣ್ಣಗಿದೆ ಎಂದು ಹೇಳುವ ಅಧಿಕಾರವೂ ನಮಗಿರುವುದಿಲ್ಲ.

ಆದ್ದರಿಂದ ಇದನ್ನು ಅಂಚೆಯಲ್ಲಿ ಕಳಿಸುವುದಿಲ್ಲ, ಸಾಮಾನಿನ ಬೋಗಿಯಲ್ಲಿ ಹಾಕುವುದಿಲ್ಲ. ಕೈಯಲ್ಲಿ ಎತ್ತಿ, ಮಡಿಲಲ್ಲಿಟ್ಟುಕೊಂಡೇ ಹೋಗಬೇಕು. ಹೊರಡುವ ಮುಂಚೆ ನೀರಿನ ಗುರುತಿನ ಕೊಳವೆಯಲ್ಲಿ ಅದ್ದಿ ನೋಡುತ್ತೇವೆ, ತಲುಪಿದ ಮೇಲೆ ಅವರೂ ಅದ್ದಿ ನೋಡುತ್ತಾರೆ. ಎರಡರ ನಡುವೆ ವ್ಯತ್ಯಾಸ ಬಂದರೆ ಅದು ತಾಪಮಾನದ ಕಥೆಯಲ್ಲ, ಹೊತ್ತವನ ಕೈಯ ಕಥೆ.

ಒಮ್ಮೆ, ಗಡಿಯಲ್ಲಿ ಇನ್ನೂ ತಪಾಸಣೆ ಇದ್ದ ಕಾಲದಲ್ಲಿ, ಒಬ್ಬ ಪೇದೆ ಪೆಟ್ಟಿಗೆಯ ಮೇಲೆ ಬೆರಳಿಟ್ಟು ಕೇಳಿದ, "ಏನ್ ಯಜಮಾನ್ರೇ ಇದು?"

"ಥರ್ಮಾಮೀಟರ್."

"ಇಷ್ಟುದ್ದದ್ದಾ? ಯಾರಿಗೆ ಜ್ವರ?"

"ನೀನು ಬೆರಳು ತೆಗೀದಿದ್ರೆ ನನಗೇ ಬರುತ್ತಪ್ಪಾ."

ಅವನು ನಕ್ಕ. ನಾನು ನಗಲಿಲ್ಲ. ಅಂದು ನನಗೆ ನಿಜವಾಗಿಯೂ ಮೈ ಬೆವರಿತ್ತು. ನೀವು ನನ್ನನ್ನು ಧೈರ್ಯಸ್ಥ ಎಂದು ಹೊಗಳಿದಿರಿ. ಅಲ್ಲ ಸ್ವಾಮಿ. ನಾನು ಸೇತುವೆಯ ಮೇಲಿನ ಹಳಿಯ ಕೀಲುಗಳಿಗೆ ಹೆದರಿದವನು, ಎದುರು ಸೀಟಿನ ಮಗುವಿನ ಕಾಲಿಗೆ ಹೆದರಿದವನು, ನನ್ನ ಸೀನಿಗೇ ಹೆದರಿದವನು. ಆದರೆ ಆಗೆಲ್ಲ ಹೆದರಿಕೆ ಹೊರಗಿನಿಂದ ಬರುತ್ತಿತ್ತು. ಹೊರಗಿನಿಂದ ಬಂದದ್ದಕ್ಕೆ ಕೈ ಅಡ್ಡ ಹಿಡಿಯಬಹುದು.

ಮೊನ್ನೆ ನಿರ್ದೇಶಕರು ನನ್ನ ಕೋಣೆಗೆ ಬಂದರು. "ಜಹಾರಿಯಣ್ಣ, ಕೊನೇ ಸಲ ನೀವೇ ತಗೊಂಡು ಹೋಗಿಬಿಡಿ. ಚೆನ್ನಾಗಿರುತ್ತೆ. ಪೇಪರ್‌ನೋರಿಗೂ ಹೇಳಿದೀನಿ" ಎಂದರು. ನಾನು ಆಗಲಿ ಎಂದೆ. ಯಾರು ತಾನೇ ಬೇಡ ಎನ್ನುತ್ತಾರೆ? ಈ ಕೆಲಸ ಬಿಟ್ಟರೆ ನಾನು ಯಾರು?

ಮನೆಯ ಮಾತು ಸಭೆಗೆ ತರಬಾರದು. ಆದರೂ ಹೇಳುತ್ತೇನೆ, ನನ್ನ ಹೆಂಡತಿ ಪೆಂಕಾ ಇತ್ತೀಚೆಗೆ ನನಗೆ ಕಾಫಿಯನ್ನು ಅರ್ಧ ಲೋಟ ಮಾತ್ರ ಕೊಡುತ್ತಾಳೆ. ಜಿಪುಣತನವಲ್ಲ. ಕುಡಿದು ಮುಗಿದ ಮೇಲೆ ಉಳಿದರ್ಧ ಸುರಿಯುತ್ತಾಳೆ. ಇಬ್ಬರೂ ಅದರ ಬಗ್ಗೆ ಮಾತಾಡುವುದಿಲ್ಲ. ಬಹಳ ಸಭ್ಯ ಸಂಸಾರ ನಮ್ಮದು.

ಈ ವಾರ ನಾನು ಅಂಗಳದಲ್ಲಿ ಅಭ್ಯಾಸ ಮಾಡಿದೆ. ಇಷ್ಟೇ ಉದ್ದದ ಪೆಟ್ಟಿಗೆ, ಒಳಗೆ ಒಂದು ಖಾಲಿ ಗಾಜಿನ ಕೊಳವೆ. ಮಡಿಲಲ್ಲಿಟ್ಟುಕೊಂಡು ಕುರ್ಚಿಯ ಮೇಲೆ ಕೂತೆ. ರೈಲಿಲ್ಲ, ಹಳಿಯಿಲ್ಲ, ಗಾಳಿ ಕೂಡ ಇರಲಿಲ್ಲ. ಅಡುಗೆಮನೆಯಿಂದ ಪೆಂಕಾ ಕೂಗಿದಳು:

"ರೀ, ಯಾರೋ ಬಾಗಿಲು ತಟ್ತಿದಾರೆ, ನೋಡಿ."

ಯಾರೂ ಬಂದಿರಲಿಲ್ಲ. ತಟ್ಟುತ್ತಿದ್ದದ್ದು ಕೊಳವೆ. ಅವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು, ಪೆಟ್ಟಿಗೆ ನೋಡಿದಳು, ನನ್ನ ಬೆರಳು ನೋಡಿದಳು. ಪೆಟ್ಟಿಗೆಯ ಮೇಲೆ ತನ್ನ ಅಂಗೈ ಇಟ್ಟಳು. ಸದ್ದು ನಿಂತಿತು. ಆಮೇಲೆ ಕೇಳಿದಳು, "ಲೋಕದ ಥರ್ಮಾಮೀಟರೆಲ್ಲ ನಿಮ್ಮ ಹತ್ರ ತಪಾಸಣೆಗೆ ಬರ್ಬೇಕು. ನೀವು ಮಾತ್ರ ಡಾಕ್ಟ್ರ ಹತ್ರ ಹೋಗಲ್ಲ, ಅಲ್ವಾ?"

ತಪ್ಪು ತೋರಿಸುವ ಥರ್ಮಾಮೀಟರಿಗೆ ನಾವು ಏನು ಮಾಡುತ್ತೇವೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆಂಪು ಚೀಟಿ ಅಂಟಿಸಿ ಕಪಾಟಿನಲ್ಲಿ ಇಡುತ್ತೇವೆ.

ಭಾಷಣ ಶುರುವಾದಾಗಿನಿಂದ ಇವನು ಕೈಗಳನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದಾನೆ, ಎಂಥ ಗರ್ವ ಎಂದು ನಿಮಗನ್ನಿಸಿರಬಹುದು. ಅದು ಗರ್ವವಲ್ಲ. ನೋಡಿ.

ಇದು ಬಲಗೈ. ನಾನು ನಿಲ್ಲು ಎಂದರೂ ನಿಲ್ಲುತ್ತಿಲ್ಲ. ಮುಂದಿನ ಸಾಲಿನವರು ನಗುವುದನ್ನು ನಿಲ್ಲಿಸಿದ್ದೀರಿ. ಪರವಾಗಿಲ್ಲ, ನಗಬಹುದು, ಇದೊಂದು ಕೈ ಅಷ್ಟೇ. ಇಂದು ಬೆಳಗಿನವರೆಗೂ ನನ್ನ ಯೋಜನೆ ಏನಿತ್ತು ಗೊತ್ತೇ? ಪೆಟ್ಟಿಗೆಯನ್ನು ಬೆಲ್ಟಿನಿಂದ ಹೊಟ್ಟೆಗೆ ಬಿಗಿದುಕೊಂಡು ಹೊರಟುಬಿಡುವುದು. ಈ ಮೈಕಿನ ಮುಂದೆ ಬಂದು ನಿಂತಾಗಲೂ ಅದೇ ಇತ್ತು. ಆ ಮೇಜಿನ ಮೇಲೆ ಒಂದು ಮೊಣಕೈ ಇದ್ದುದಕ್ಕೇ ಇಷ್ಟು ಗದರಿದವನು, ಈ ಕೈಯನ್ನು ಹೇಗೆ ಬಿಡಲಿ?

ನಿರ್ದೇಶಕರೇ, ಕ್ಷಮಿಸಿ, ನಾನು ಹೋಗುವುದಿಲ್ಲ. ಪೇಪರಿನವರು ನಮ್ಮ ಇಸ್ಕ್ರಾಳ ಫೋಟೋ ತೆಗೆಯಲಿ. ನನ್ನ ವಿಭಾಗದಲ್ಲಿ ನನ್ನ ಮಾತು ಕೇಳದ ಏಕೈಕ ಎಂಜಿನಿಯರ್ ಅವಳು, ಆದ್ದರಿಂದ ಯೋಗ್ಯಳು. ಇಸ್ಕ್ರಾ, ಬಾ ತಾಯಿ. ಎರಡೂ ಕೈಯಲ್ಲಿ ಎತ್ತು. ನನ್ನ ಮುಖ ನೋಡಬೇಡ, ಪೆಟ್ಟಿಗೆ ನೋಡು. ಹಾಗೆ. ಸೇತುವೆ ಬಂದಾಗ ಉಸಿರು ಹಿಡಿಯಬೇಡ. ಹಿಡಿದರೆ ತೊಡೆ ಬಿಗಿಯುತ್ತದೆ.

ನಾಳೆ ನಿನ್ನ ರೈಲು ಹೊರಡುವ ಹೊತ್ತಿಗೆ ನಾನು ನರರೋಗದ ವೈದ್ಯರ ಮುಂದೆ ಕೂತಿರುತ್ತೇನೆ. ಪೆಂಕಾ ನನ್ನನ್ನು ಕೇಳದೆಯೇ ಸಮಯ ಗೊತ್ತುಮಾಡಿದ್ದಾಳೆ. ಅವರು ಕೈ ಚಾಚಿ ಎನ್ನುತ್ತಾರೆ, ನಾನು ಚಾಚುತ್ತೇನೆ. ಅವರು ಏನು ಹೇಳುತ್ತಾರೋ ಎಂದು ನನಗೆ ಬಹಳ ಹೆದರಿಕೆಯಾಗುತ್ತಿದೆ. ಗಡಿಯ ಪೇದೆಗೆ ಹೆದರಿದ್ದಕ್ಕಿಂತ ಹೆಚ್ಚು. ಆದರೆ ಇವತ್ತು ಮೊದಲ ಸಲ ನಾನೊಬ್ಬನೇ ಹೆದರುತ್ತಿಲ್ಲ, ಇಡೀ ಸಭಾಂಗಣವೇ ನನ್ನ ಜೊತೆ ಹೆದರುತ್ತಿದೆ. ಇಷ್ಟು ಒಳ್ಳೆಯ ಸನ್ಮಾನ ಯಾರಿಗೆ ಸಿಕ್ಕೀತು?

ಬಾಗಿಲ ಬಳಿ ನಿಂತವರು ದಾರಿ ಬಿಡಿ. ಚಪ್ಪಾಳೆ ತಟ್ಟಬೇಡಿ, ಅವಳು ಬೆಚ್ಚಿಯಾಳು. ಅವಳು ಮೆಟ್ಟಿಲಿಳಿಯಲಿ, ಆಮೇಲೆ ಬಾನಿತ್ಸಾಕ್ಕೆ ಹೋಗೋಣ. ಸದ್ದಿಲ್ಲದೆ ಕುಳಿತು ಕೇಳಿದ ನಿಮಗೆಲ್ಲ ವಂದನೆಗಳು. ಕೈ ಜೋಡಿಸಿದರೆ ಎರಡೂ ಸ್ವಲ್ಪ ಸುಮ್ಮನಾಗುತ್ತವೆ ಎಂದು ಈಗ ಗೊತ್ತಾಯಿತು. ನಮಸ್ಕಾರ.