ಚಳಿ ಅಂದನಾ?

ಬಂದೆ ಅತ್ತೆ, ಬಂದೆ. ಮೊದಲು ಬಾಗಿಲು ಹಾಕೋಕೆ ಬಿಡು, ಗಾಳಿ ಹಿಮವನ್ನೆಲ್ಲ ಒಳಗೇ ನೂಕ್ತಿದೆ... ತಡ ಯಾಕಾಯ್ತು ಅಂತಾನಾ? ಪಕ್ಕದ ಲಮಾರಾ ಮನೇಲಿದ್ದೆ. ಇಡೀ ಊರಿಗೆ ಅವಳ ಅಟ್ಟದ ಮೇಲೆ ಮಾತ್ರ ಫೋನಿಗೆ ಸಿಗ್ನಲ್ಲು ಸಿಗೋದು. ಫೋನು ಮುಗಿದ್ರೂ ಅವಳ ಬಾಯಿ ಮುಗಿಯಲ್ಲ. ಅವಳು ಒಂದು ಮಾತು ಮುಗಿಸೋದ್ರೊಳಗೆ ಹಸು ಕರು ಹಾಕುತ್ತೆ.

ನಗಲ್ವಾ? ಇವತ್ತು ನಗಲ್ವಾ ನೀನು?

ಸರಿ ಬಿಡು. ನಿಮ್ಮ ರಾಚಾ ಬೆಟ್ಟದ ಸೀಮೆಯವರು ಮಾತನ್ನ ಒಂದೊಂದಾಗಿ ಆರಿಸಿ ಆಡೋರು, ಗೊತ್ತು ನನಗೆ. ಇವತ್ತು ಆ ಒಂದೂ ಇಲ್ಲ. ಸೊಂಟ ನೋಯ್ತಿದೆಯಾ? ಇರು, ದಿಂಬು ಎತ್ತರ ಮಾಡ್ತೀನಿ... ಮೂಳೆ ಕೂಡ್ಕೊಂಡಿದೆ ಅಂದಿದಾರೆ ಕುತೈಸಿ ಆಸ್ಪತ್ರೆಯವರು. ಹಿಮ ಕರಗೋ ಹೊತ್ತಿಗೆ ನೀನೇ ಎದ್ದು ಹಾಲು ಕರೀತೀಯ. ಎದೆ ಒಂದು ಜೋಪಾನ ಅಂದ್ರು. ಎದೆಗೆ ಏನೂ... ಅಂದ್ರೆ, ಮೆಟ್ಟಿಲು ಗಿಟ್ಟಿಲು ಹತ್ತಬಾರದು ಅಂತ.

ಹಾಗೆ ನೋಡ್ಬೇಡ, ಹೇಳ್ತೀನಿ. ರಮಾಜ್ ಹತ್ರ ಮಾತಾಡ್ಕೊಂಡೇ ಬಂದೆ. ನಿನ್ನ ಮಗ ಚೆನ್ನಾಗಿದಾನೆ. ಮೇಲಿನ ದಾರೀಲಿ ಇನ್ನೂ ಹಿಮ ಬಳೀತಾನೇ ಇದಾರಂತೆ. ಬಳಿದಷ್ಟೂ ಬೀಳುತ್ತೆ, ಬಿದ್ದಷ್ಟೂ ಬಳೀತಾರೆ, ರಜಾ ಯಾರು ಕೊಡ್ತಾರೆ ಹೇಳು. ದಾರಿ ತೆರೆದ ತಕ್ಷಣ ಬರ್ತೀನಿ ಅಂದ.

ಚಳಿ ಅಂದನಾ ಅಂತ ಕೇಳ್ಲೇ ಇಲ್ವಲ್ಲ ನೀನು? ದಿನಾ ನಾನು ಹೊಸಿಲು ದಾಟೋದ್ರೊಳಗೇ ಕೇಳ್ತಿದ್ದೆ. ನೀನೇ ಅಲ್ವಾ ಹೇಳ್ಕೊಟ್ಟಿದ್ದು, ನಾನು ಮದುವೆಯಾಗಿ ಬಂದ ಮೊದಲ ಚಳಿಗಾಲ? ಸಮುದ್ರದ ದಂಡೆಯ ಕಿತ್ತಳೆ ತೋಟದವಳು ನಾನು, ಹಲ್ಲು ಕಟಕಟ ಅಂತ ಇದೇ ಒಲೆ ಮುಂದೆ ಕೂತು ಅಳ್ತಿದ್ದೆ. "ಚಳಿ ಚಳಿ ಅಂತ ಗೊಣಗೋ ಗಂಡಸಿಗೆ ಹೆದರ್ಬೇಡ ಹುಡುಗಿ, ಹಿಮದಲ್ಲಿ ನಿಂತು ಚಳಿ ಇಲ್ಲ ಅನ್ನೋನಿಗೆ ಹೆದರು" ಅಂದಿದ್ದೆ ನೀನು. ಮಾವ ಕುರಿ ದೊಡ್ಡಿಯಿಂದ ಹಿಮದಲ್ಲಿ ಇಳಿದು ಬರ್ತಾ ಕೋಟು ಬಿಚ್ಚಿ ಹೆಗಲಿಗೆ ಹಾಕ್ಕೊಂಡಿದ್ರಂತೆ, ಮೈ ಮರಗಟ್ಟಿದ್ದೇ ತಿಳೀದೆ ಸೆಕೆ ಅಂದ್ರಂತೆ. ಬೆಳಗಾಗೋ ಹೊತ್ತಿಗೆ ಅವರೇ ಇರಲಿಲ್ಲ. ಅವತ್ತಿಂದ ಈ ಮನೇಲಿ ಚಳಿ ಅನ್ನೋದೇ ಒಳ್ಳೇ ಸುದ್ದಿ.

ತಗೋ, ಬಿಸಿ ಇದೆ. ಇವತ್ತು ಬಾರ್ಬರಾ ಹಬ್ಬ ಅಲ್ವಾ, ಕಾಳು ತುಂಬಿದ ರೊಟ್ಟಿ ಮಾಡಿದಾಳೆ ಲಮಾರಾ. ವೈನು ನಮ್ಮದೇ, ರಮಾಜ್ ದ್ರಾಕ್ಷಿ ಸುಗ್ಗೀಲಿ ತುಳಿದಿದ್ದು. ಹೆಣಿಗೆ ಆಚೆ ಇಡು ಸ್ವಲ್ಪ. ನೋಡೋಣ, ಎಲ್ಲಿಗೆ ಬಂತು ಕಾಲುಚೀಲ... ಇಷ್ಟೇನಾ? ಅತ್ತೆ, ನಿನ್ನ ಮಗನ ಪಾದ ದೋಣಿ ಇದ್ದ ಹಾಗೆ. ಇದರಲ್ಲಿ ಅವನ ಹೆಬ್ಬೆರಳೂ ಹೋಗಲ್ಲ. ಕಣ್ಣು ಸರಿಯಾಗಿ ಕಾಣ್ತಿಲ್ವಾ ನಿನಗೆ?

ಸಾಕು ಬಿಡು, ಬೆರಳು ನೋಯಿಸ್ಕೋಬೇಡ. ಅವನೂ ಅದನ್ನೇ ಅಂದ. ಅಮ್ಮ ರಾತ್ರಿಯೆಲ್ಲ ಕೂತು ಹೆಣೀತಾಳೆ, ನಿದ್ದೆ ಮಾಡೋಕೆ ಹೇಳು, ನನಗೀಗ ಚಳಿ ಆಗ್ತಿಲ್ಲ, ಬೆಚ್ಚಗಿದೀನಿ ಅಂತ ಹೇ...

ಅಲ್ಲ. ಅತ್ತೆ, ಹಾಗಲ್ಲ. ಹಬ್ಬದ ದಿನ ಒಂದು ರಾತ್ರಿಯಾದ್ರೂ ನೀನು ನೆಮ್ಮದಿಯಾಗಿ ಮಲಗ್ಲಿ ಅಂತ ನಾನು... ಅವರಿಗೆ ಹೊಸ ಒಲೆ ಕೊಟ್ಟಿದಾರಂತೆ, ಕೆಲಸದವರ ಗುಡಿಸಲಲ್ಲಿ. ಒಲೆ ಮುಂದೆ ಕೂತಾಗ ಚಳಿ ಇಲ್ಲ ಅಂತ ಅಂದಿದ್ದು. ಹೊರಗೆ ನಿಂತಾಗ ಆಗುತ್ತೆ. ತುಂಬ ಆಗುತ್ತೆ ಅಂದ.

ಸ್ಕಾರ್ಫ್ ಯಾಕೆ ಎಳೀತೀಯ? ಹೂ, ಲಮಾರಾದು. ಕೆಂಪು ಹೂವಿನದ್ದು. ಅವಳ ಗೇಟಿನ ಮೊಳೇಲಿ ನೇತಾಡ್ತಿತ್ತು, ತಲೆಗೆ ಸುತ್ಕೊಂಡು ಬಂದೆ... ಆ ಕುರ್ಚಿ ಯಾಕೆ ತೋರಿಸ್ತೀಯ? ನಿನ್ನೆ ನಿನ್ನ ನೋಡೋಕೆ ಬಂದು ಅಲ್ಲಿ ಕೂತಿದ್ದ ತ್ಸಿಯಾಲಾನಾ? ಅವಳ ತಲೆ ಮೇಲೂ ಇದೇ ಇತ್ತಾ? ಇದ್ದಿರಬಹುದು. ಪಾದ್ರಿ ಹೆಂಡತಿ ಬಂದಾಗ್ಲೂ... ಹೌದು, ಇದೇ. ಒಬ್ಬರದು ಒಬ್ಬರು ಹಾಕ್ಕೋತೀವಪ್ಪ, ಹಳ್ಳಿ ಅಲ್ವಾ ಇದು. ಬಿಡು ಅತ್ತೆ. ಕೋಟಿನ ಗುಂಡಿ ಬಿಚ್ಬೇಡ. ಕಪ್ಪು ಅಂಗಿನೇ ಅದು, ಕಪ್ಪಾದ್ರೆ ಕೊಳೆ ಕಾಣಲ್ಲ ಅಂತ ಹಾಕಿದೀನಿ, ಅಷ್ಟೇ.

ಬಾ, ಲೋಟ ತಗೋ. ರಮಾಜ್ ಆರೋಗ್ಯಕ್ಕೆ ಕುಡಿಯೋಣ. ನೂರು ವರ್ಷ ಬಾಳ್ಲಿ, ನಿನ್ನನ್ನ ಗೋಳು ಹೊಯ್ಕೊಳ್ಳಲಿ... ಕುಡಿ. ರೊಟ್ಟಿ ಆಮೇಲೆ ಮುರಿದ್ರಾಯ್ತು.

ಅತ್ತೆ, ಬೇಡ.

ರೊಟ್ಟಿ ಮೇಲೆ ವೈನು ಹನಿಸ್ಬೇಡ. ಅದು ಹೋದವರಿಗೆ ಹಾಕೋದು. ಬದುಕಿರೋರ ಹೆಸರು ಹೇಳಿ ಹಾಗೆ ಹನಿಸ್ತಾರಾ? ಮಾವನಿಗೆ ಅಲ್ವಾ? ಮಾವನಿಗೇ ಅಂತ ಹೇಳಿಬಿಡು. ಅವರ ಹೆಸರು ಹೇಳು ಅತ್ತೆ, ಒಂದು ಸಲ ಬಾಯಿ ಬಿಟ್ಟು ಹೇಳು...

ಯಾವಾಗಿಂದ ಗೊತ್ತು ನಿನಗೆ?

ನೀನು ಆಸ್ಪತ್ರೇಲಿದ್ದೆ. ಬೆಟ್ಟದ ಮೇಲಿಂದ ಹಿಮ ಜಾರಿ ಬಂತಂತೆ, ಹಿಮ ಬಳಿಯೋ ಬಂಡಿ ಸಮೇತ ಅವನನ್ನ ಮುಚ್ಚಿಬಿಡ್ತಂತೆ. ತೆಗೆದಾಗ ಕೈ ಎದೆ ಮೇಲೆ ಮಡಿಸ್ಕೊಂಡಿದ್ದ, ಎಳೇ ಮಗು ಮಲಗಿದ ಹಾಗೆ. ನಾನು ಅವನ ಕೈ ಉಜ್ಜಿದೆ ಅತ್ತೆ. ಎಲ್ಲರೂ ಸಾಕು ಅಂತಿದ್ರೂ ಉಜ್ಜಿದೆ. ನಿನ್ನ ಎದೆ ತಡೆಯಲ್ಲ ಅಂದ್ರು ಡಾಕ್ಟರು. ನೀನು ಮನೆಗೆ ಬರೋದ್ರೊಳಗೆ ಮಣ್ಣು ಮಾಡಿದ್ವಿ. ಊರಿಗೆ ಊರೇ ಅವನ ದುಃಖಕ್ಕೆ ಕಪ್ಪು ಹಾಕಿದೆ. ನಿನ್ನ ನೋಡೋಕೆ ಬರೋರೆಲ್ಲ ಲಮಾರಾ ಗೇಟಿನ ಹತ್ರ ಕಪ್ಪು ಸ್ಕಾರ್ಫ್ ಬಿಚ್ಚಿಟ್ಟು ಈ ಕೆಂಪು ಸುತ್ಕೊಂಡು ಬರ್ತಿದ್ರು. ಮೊಳೇಲಿ ಇನ್ನೊಂದು ಬಣ್ಣದ್ದು ತೂಗುಹಾಕೋಣ ಅಂತ ಯಾರಿಗೂ ಹೊಳೀಲಿಲ್ಲ, ಇಂಥಾ ದಡ್ಡರು ನಾವು.

ನಾನು ದಿನಾ ಆ ಅಟ್ಟದ ಮೇಲೆ ಹೋಗಿ ಸುಮ್ನೆ ಫೋನು ಹಿಡ್ಕೊಂಡು ಕೂರ್ತಿದ್ದೆ. ಇಳಿದು ಬಂದು ನಿನಗೆ ಚಳಿ ಅಂದ ಅಂತ ಹೇಳ್ತಿದ್ದೆ. ಹೇಳ್ತಾ ಹೇಳ್ತಾ ನನಗೇ ನಿಜ ಅನ್ನಿಸ್ಬಿಡ್ತಿತ್ತು, ಎಲ್ಲೋ ಒಂದು ಕಡೆ ಅವನಿಗೆ ಚಳಿ ಆಗ್ತಿದೆ ಅಂತ. ಅವನಿಗೆ ಚಳಿ ಆಗ್ತಿದ್ರೆ ಸಾಕಿತ್ತು ಅತ್ತೆ, ಇನ್ನೇನೂ ಬೇಡವಾಗಿತ್ತು.

ನನ್ನ ಕಾಲು ಯಾಕೆ ಎತ್ಕೋತೀಯ? ಒದ್ದೆಯಾಗಿದೆ, ಬಿಡು... ಈ ಕಾಲುಚೀಲ... ಇದು ಸರಿಯಾಗಿ ಕೂತಿದೆ. ಹಿಮ್ಮಡಿ ಹತ್ರ ಕೂಡ.

ನನ್ನ ಅಳತೆ.

ಎಲ್ಲ ಗೊತ್ತಿದ್ದೇ ಕೇಳ್ತಿದ್ಯಾ ದಿನಾ? ನನ್ನ ಸುಳ್ಳಿಗೆ ತಲೆಯಾಡಿಸ್ತಾ, ನನಗೆ ಹೆಣೀತಾ ಕೂತಿದ್ಯಾ?

ಹೂ... ಬಂದೆ. ಸ್ವಲ್ಪ ಆಚೆ ಸರಿ. ಸೊಂಟ ಜೋಪಾನ. ರಜಾಯಿ ಇಷ್ಟು ಎತ್ತು ಸಾಕು.

ಚಳಿ ಆಗ್ತಿದೆ ಅಮ್ಮ. ನನಗೆ ತುಂಬ ಚಳಿ ಆಗ್ತಿದೆ.