ಐದು ಕಳ್ಳ ಚೀಟಿಗಳು

ಡೊಂಬಿವಲಿ ಪೂರ್ವಕ್ಕೆ ಕಿರೀಟಪ್ರಾಯವಾಗಿ, ಲಿಫ್ಟಿಲ್ಲದ ಶಾಲೆಯೊಂದರ ಮೂರನೆಯ ಮಹಡಿಯಲ್ಲಿ, ಭಾನುವಾರ ಒಂಬತ್ತರಿಂದ ಹನ್ನೆರಡರವರೆಗೆ ಮಾತ್ರ ನಮ್ಮದಾಗಿರುವ ಈ ಮಹಾಸಭಾಂಗಣದ ಘನ ಅಧ್ಯಕ್ಷರೂ ನಮ್ಮ ಆತ್ಮಗಳ ಕಾವಲುಗಾರರೂ ಆದ ಪೂಜ್ಯ ಸಭಾಪಾಲಕರೇ. ಮೂವತ್ತು ವರ್ಷ ಸಂಡೇಸ್ಕೂಲ್ ನಡೆಸಿ, ನಮ್ಮಂಥ ಕಪಿಗಳ ಕಿವಿ ಹಿಂಡಿ, ಇಂದು ಸನ್ಮಾನ ಪಡೆಯಲಿರುವ ಗುರುವಪ್ಪ ಅಂಕಲ್ ಅವರೇ. ಠಾಣೆ ನಗರದ ಕೋಪರಿಯಿಂದ ಬಂದು ಅವರ ಪಕ್ಕದಲ್ಲೇ, ಮತ್ತೆ ಹೇಳುತ್ತೇನೆ, ಅವರ ಪಕ್ಕದಲ್ಲೇ ಆಸೀನರಾಗಿರುವ ಮಾಪಣ್ಣ ಕಾಕಾ ಅವರೇ. ಸ್ತ್ರೀಯರ ಅನ್ಯೋನ್ಯ ಕೂಟದ ಅಧ್ಯಕ್ಷೆಯೂ, ಅವರ ದುರದೃಷ್ಟಕ್ಕೆ ನನ್ನ ತಾಯಿಯೂ ಆದ ಸ್ವರ್ಣಲತಾ ಅವರೇ. ಕೆಳಗಿನಿಂದ ಬರುತ್ತಿರುವ ಬಿರಿಯಾನಿಯ ಪರಿಮಳದಲ್ಲಿ ಧ್ಯಾನಮಗ್ನರಾದ ಸಮಸ್ತ ಸಭಿಕರೇ!

ಮಾತಿಗೆ ನನಗೆ ಕೊಟ್ಟಿರುವುದು ಐದು ನಿಮಿಷ. ಮನೆಯಿಂದ ಹೊರಡುವಾಗ ಅಮ್ಮ ಹೇಳಿದ್ದಾರೆ, “ರಿತೇಶ, ಐದು ನಿಮಿಷ ಅಂದ್ರೆ ಐದೇ ನಿಮಿಷ. ಮತ್ತೆ ಜೋಕ್ ಎಲ್ಲ ಮಾಡ್ಲಿಕ್ಕಿಲ್ಲ.” ಸಂಬೋಧನೆಯಲ್ಲೇ ಎರಡು ನಿಮಿಷ ಮುಗಿಯಿತು. ಜೋಕು ಮಾಡುವುದಿಲ್ಲ. ಇಂದು ನಾನು ಹೇಳಬೇಕಾದ ಮಾತು ಹೇಗಿದೆಯೆಂದರೆ, ಅದನ್ನು ಕೇಳಿ ಮುಗಿಸುವ ಹೊತ್ತಿಗೆ ಮೊದಲ ಸಾಲಿನ ಆ ಎರಡು ಕುರ್ಚಿಗಳು ಪಕ್ಕಪಕ್ಕದಲ್ಲಿ ಉಳಿದರೆ ಅದೇ ನನ್ನ ಪುಣ್ಯ.

ವಿಷಯ: ‘ದಿನನಿತ್ಯದ ಬದುಕಿನಲ್ಲಿ ಶಿಷ್ಯತ್ವದ ಕರೆಗೆ ಓಗೊಡುವುದು’. ಸಭಿಕರೇ, ಓಗೊಡುವುದು ಎಂದರೇನು? ಅಂದು ನೀರಿನ ದಡದಲ್ಲಿ ಬಲೆ ಹಿಡಿದಿದ್ದ ಬೆಸ್ತರು ಕರ್ತನ ಒಂದೇ ಮಾತಿಗೆ ಬಲೆಯನ್ನು ಅಲ್ಲೇ ಬಿಟ್ಟು ಎದ್ದು ನಡೆದರಂತೆ. ನಮಗೆ ಹಾಗೆ ಎದ್ದು ನಡೆಯಲು ಆಗುತ್ತದೆಯೇ? ಬೆಳಗಿನ ಎಂಟು ಹದಿನಾಲ್ಕರ ಲೋಕಲ್ ರೈಲಿನಲ್ಲಿ ಎದ್ದರೆ ಸೀಟು ಹೋಯಿತು! ಕರೆದವರು ಯಾರೇ ಆಗಿರಲಿ, ಡೊಂಬಿವಲಿಯವರು ಅವರ ಸೀಟಿನ ಮೇಲೆ ಕಣ್ಣಿಟ್ಟು ಮೊದಲು ಕೇಳುವುದು “ಎಲ್ಲಿ ಇಳೀತೀರಿ?” ಎಂದು.

ನಮ್ಮ ಸಭೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಜನವರಿ ಒಂದರ ಬೆಳಗಿನ ಆರಾಧನೆಯ ಕೊನೆಗೆ ಎಲ್ಲರೂ ಸಾಲಾಗಿ ಬಂದು ಡಬ್ಬಿಯಿಂದ ಒಂದೊಂದು ವಾಗ್ದಾನದ ಚೀಟಿ ತೆಗೆಯುತ್ತೇವೆ. ಅದರಲ್ಲಿ ಬಂದದ್ದು ಆ ವರ್ಷಕ್ಕೆ ದೇವರು ನಮಗೆ ಹೇಳಿದ ಮಾತು. ಕಳೆದ ಡಿಸೆಂಬರಿನಲ್ಲಿ ಚೀಟಿಗಳನ್ನು ಬರೆದು ಮಡಚುವ ಪವಿತ್ರ ಹೊಣೆಯನ್ನು ನಮ್ಮ ಸಭಾಪಾಲಕ ಅಯ್ಯನವರು ನನಗೆ ವಹಿಸಿದರು. ಅವರು ಮನುಷ್ಯರನ್ನು ಬೇಗ ನಂಬುತ್ತಾರೆ.

ಬರೆಯುತ್ತಾ ಹೋದೆ. ನಿನ್ನನ್ನು ಆಶೀರ್ವದಿಸುವೆನು, ನಿನ್ನನ್ನು ಕಾಯುವೆನು, ನಿನಗೆ ಕೊಡುವೆನು. ನೂರಾ ಇಪ್ಪತ್ತು ಚೀಟಿ, ನೂರಾ ಇಪ್ಪತ್ತರಲ್ಲೂ ಕೆಲಸವೆಲ್ಲ ದೇವರದೇ! ನಮಗೊಂದು ಸಣ್ಣ ಕೆಲಸವೂ ಇಲ್ಲ. ನನಗೆ ಕೈ ನೋಯುತ್ತಿತ್ತು, ಕೈ ನೋಯುವಾಗ ನನ್ನ ಬುದ್ಧಿ ಅಡ್ಡದಾರಿ ಹಿಡಿಯುತ್ತದೆ. ಐದು ಕಳ್ಳ ಚೀಟಿ ಬರೆದು ಒಳಗೆ ಸೇರಿಸಿದೆ.

ಹೌದು, ಅಯ್ಯನವರೇ. ನಾನೇ.

ಒಂದರಲ್ಲಿ ‘ಒಂದು ತಿಂಗಳು ನಾಲ್ಕನೇ ಸೀಟಿನಲ್ಲಿ ಕೂರು’ ಎಂದು ಬರೆದಿದ್ದೆ. ಲೋಕಲಿನಲ್ಲಿ ಮೂವರ ಬೆಂಚಿನ ತುದಿಯಲ್ಲಿ ಅರ್ಧ ಶರೀರ ಗಾಳಿಯಲ್ಲಿಟ್ಟು ಕೂರುವ ಆ ಜಾಗದ ಬಗ್ಗೆ ನಿಮಗೆ ವಿವರಿಸಬೇಕಾಗಿಲ್ಲ. ಅದು ಯಾರಿಗೆ ಬಂತು? ಹದಿನಾಲ್ಕು ವರ್ಷಗಳಿಂದ ಲೇಡೀಸ್ ಬೋಗಿಯ ಕಿಟಕಿ ಸೀಟನ್ನು ಆಳುತ್ತಿದ್ದ ನನ್ನ ತಾಯಿಗೆ! ಜನವರಿ ಪೂರ್ತಿ ಕಿಟಕಿಯ ಸೀಟನ್ನು ಬೇರೆಯವರಿಗೆ ಕೊಟ್ಟು ತುದಿಯಲ್ಲಿ ಕೂತರು. ಪ್ರತಿ ಸಂಜೆ ಅವರ ಸೊಂಟಕ್ಕೆ ಬಾಮ್ ಉಜ್ಜಿದವನು ನಾನು. ಉಜ್ಜುತ್ತಿದ್ದಾಗ ಒಮ್ಮೆ ಹೇಳಿದರು, “ಎಷ್ಟು ವರ್ಷದಿಂದ ಒಟ್ಟಿಗೆ ಹೋಗ್ತೇವೆ, ಪಕ್ಕ ಕೂರುವ ಆ ಹುಡುಗಿ ಬಸುರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು. ಕಿಟಕಿಯಿಂದ ಹೊರಗೆ ನೋಡುದೇ ಆಯ್ತು.” ಆ ದಿನ ನಾನು ಸ್ವಲ್ಪ ಮೆತ್ತಗೆ ಉಜ್ಜಿದೆ. ಅಮ್ಮಾ, ಹಾಗೆ ನೋಡಬೇಡಿ. ಉಳಿದದ್ದು ಮನೆಗೆ ಹೋದ ಮೇಲೆ.

ಮೂರು ಚೀಟಿಗಳು ಎಲ್ಲಿ ಹೋದವೋ ತಿಳಿಯದು. ಉಳಿದದ್ದು ಒಂದು. ಅದರಲ್ಲಿ ಬರೆದಿದ್ದೆ: ‘ಯಾರೊಡನೆ ಮಾತು ಬಿಟ್ಟಿದ್ದೀಯೋ ಅವರ ಮನೆಗೆ ಹೋಗಿ ಊಟ ಕೇಳು.’ ಅದು ಗುರುವಪ್ಪ ಅಂಕಲ್ ಕೈಗೆ ಬಂತು.

ಅಂಕಲ್ ಮಾಪಣ್ಣ ಕಾಕಾರೊಡನೆ ಮಾತು ಬಿಟ್ಟು ಆಗ ಒಂಬತ್ತು ವರ್ಷ. ಕಾರಣ ಹೊಸಬರಿಗೆ ತಿಳಿದಿರಲಿಕ್ಕಿಲ್ಲ. ಸಭೆಯ ಭೋಜನದ ದಿನ ಅಂಕಲ್ ಊಟದ ಪ್ರಾರ್ಥನೆಗೆ ನಿಂತರು. ಅನ್ನ ತಣ್ಣಗಾಯಿತು, ಸಾರು ತಣ್ಣಗಾಯಿತು, ಪ್ರಾರ್ಥನೆ ಮುಂದುವರಿಯಿತು. ಮುಗಿದ ಮೇಲೆ ಕಾಕಾ, “ಗುರುವಪ್ಪ, ನಿನ್ನ ಪ್ರಾರ್ಥನಿ ಸ್ಲೋ ಲೋಕಲ್ ಐತಿ ನೋಡಪಾ, ಎಲ್ಲಾ ಸ್ಟೇಷನ್ನಿಗೂ ನಿಲ್ತೈತಿ” ಅಂದರು. ಅಂಕಲ್, “ನೀವು ಬಂದದ್ದು ಪ್ರಾರ್ಥನೆಗಾ, ಊಟಕ್ಕಾ?” ಅಂದರು. ಕಾಕಾ ತಮಗೆ ಬಡಿಸಿದ್ದ ತಟ್ಟೆ ಬಿಟ್ಟು ಎದ್ದು ಹೋದರು. ಅಂದಿನಿಂದ ಇವರು ಎಡಗಡೆ, ಅವರು ಬಲಗಡೆ. ಪ್ರೇಮದ ಕುರಿತ ಅಯ್ಯನವರ ಪ್ರಸಂಗಗಳನ್ನು ಇಬ್ಬರೂ ತಪ್ಪದೆ ಕೇಳಿದರು.

ಚೀಟಿ ಹಿಡಿದು ಅಂಕಲ್ ಮೂರು ಸಲ ಕೋಪರಿಗೆ ಹೋದರು. ಮೊದಲ ಸಲ ಕಟ್ಟಡದ ಎದುರು ಚಹಾ ಕುಡಿದು ವಾಪಸ್ ಬಂದರು. ಎರಡನೇ ಸಲ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಮತ್ತೆ ಚಪ್ಪಲಿ ಹಾಕಿ ಇಳಿದರು. ಮೂರನೇ ಸಲ ಬೆಲ್ ಒತ್ತಿದರು. ಬಾಗಿಲು ತೆಗೆದವರು ಕಾಕಾರ ಹೆಂಡತಿ ಶ್ರೀಮತಿ ಆಂಟಿ. ಮೊದಲೆರಡು ಸಲದ ಕಥೆಯನ್ನು ಅಂಕಲ್ ಬಾಯಿಂದ ಕೇಳಿ, ಇದನ್ನೆಲ್ಲ ನನಗೆ ಹೇಳಿದವರೂ ಅವರೇ. ಅಂಕಲ್ ಹೊಸ್ತಿಲಲ್ಲೇ ನಿಂತು, “ಮಾಪಣ್ಣ, ಹಸಿವಾಗಿದೆ ಮಾರಾಯ” ಅಂದರಂತೆ. ಒಳಗಿನಿಂದ ಕಾಕಾ, “ಒಂಬತ್ತು ವರ್ಷ ಉಪಾಸ ಇದ್ದೇನು? ಶ್ರೀಮತಿ, ಇವಂಗ ಎರಡ ರೊಟ್ಟಿ ಜಾಸ್ತಿ ಬಡಿ. ಪ್ರಾರ್ಥನಿ ಮಾತ್ರ ನಾ ಮಾಡ್ತೀನಿ!” ಅಂದರಂತೆ. ಕಾಕಾರ ಪ್ರಾರ್ಥನೆ ಎರಡೇ ಶಬ್ದ: “ಉಣ್ಣೂಣು. ಆಮೆನ್.”

ಆ ಚೀಟಿಯನ್ನು ಕಾಕಾ ಕೇಳಿ ತೆಗೆದುಕೊಂಡು, ಲ್ಯಾಮಿನೇಷನ್ ಮಾಡಿಸಿ, ಬಾಗಿಲ ಪಕ್ಕ ತೂಗುಹಾಕಿದ್ದಾರೆ. ಈಸ್ಟರ್ ದಿನ ಇದೇ ಜಾಗದಲ್ಲಿ ನಿಂತು, “ದೇವರು ಸ್ವತಃ ಚೀಟಿ ಬರದು ಇಂವನ್ನ ನನ್ನ ಮನಿಗೆ ಕಳಿಸ್ಯಾನ” ಎಂದು ಸಾಕ್ಷಿ ಹೇಳಿದರು. ನೀವೆಲ್ಲ ಕಣ್ಣೊರೆಸಿಕೊಂಡಿರಿ. ನಾನು ಪಂಖ ಎಣಿಸುತ್ತಿದ್ದೆ.

ಕಳೆದ ಗುರುವಾರ ತಡೆಯಲಾಗದೆ ಗುರುವಪ್ಪ ಅಂಕಲ್ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ಗೊತ್ತುಂಟು ಮಾರಾಯ. ನಿನ್ನ ಅಕ್ಷರ ತಿದ್ದಿಸಿದ್ದು ನಾನಲ್ವಾ? ಚೀಟಿ ಬಿಡಿಸಿದ ಕೂಡ್ಲೇ ಗೊತ್ತಾಯ್ತು” ಅಂದರು.

“ಮತ್ತೆ ಯಾಕೆ ಹೋದ್ರಿ ಅಂಕಲ್?”

“ಬರ್ದವ ಯಾರಾದ್ರೆ ಎಂತ? ಓದಿದವ ನಾನಲ್ವಾ?”

ಪೇಪರು ಮಡಚಿದರು. “ಆದ್ರೆ ಮಾಪಣ್ಣನಿಗೆ ಹೇಳ್ಲಿಕ್ಕೆ ನಂಗೆ ಧೈರ್ಯ ಇಲ್ಲ. ಹುಡುಗನ ತಮಾಷೆ ಅಂತ ಗೊತ್ತಾದ್ರೆ ಪುನಃ ಎದ್ದು ಹೋದಾನು. ನೀನೇ ಹೇಳು. ಸಭೆಯಲ್ಲಿ ಹೇಳು. ಅಲ್ಲಿ ಅವನಿಗೆ ಬೈಲಿಕ್ಕೆ ಆಗುದಿಲ್ಲ.”

ಆದ್ದರಿಂದ ಹೇಳಿದೆ. ಕಾಕಾ, ನಿಮ್ಮ ಬಾಗಿಲ ಪಕ್ಕ ತೂಗುತ್ತಿರುವುದು ನನ್ನ ಕುಚೇಷ್ಟೆ. ಕ್ಷಮಿಸಿ.

ಸಭಿಕರೇ, ಕಾಕಾ ಎದ್ದು ನಿಂತಿದ್ದಾರೆ. ಕುರ್ಚಿಯನ್ನೂ ಎತ್ತಿಕೊಂಡಿದ್ದಾರೆ. ಬಲಗಡೆಗೇ ಹೊರಟಿದ್ದಾರೆ… ಗೋಡೆಯ ಹತ್ತಿರ ಇಟ್ಟರು. ಕಾಕಾ, ದಯವಿಟ್ಟು… ಇಲ್ಲ, ವಾಪಸ್ ಬರುತ್ತಿದ್ದಾರೆ. ಅಂಕಲ್, ನೀವು ಏಳಬೇಕಂತೆ, ನಿಮ್ಮ ಕುರ್ಚಿಯೂ ಬೇಕಂತೆ. ಅಲ್ಲಿ ಗಾಳಿ ಚೆನ್ನಾಗಿದೆಯಂತೆ. ಹಾಗೂ ನನ್ನ ಕಡೆ ತೋರಿಸುತ್ತಿರುವ ಆ ಬೆರಳಿನ ಅರ್ಥ, ಊಟದ ಹೊತ್ತಿಗೆ ನನಗೆ ಇದೆ ಎಂದು.

ಇದೋ ಎರಡು ಕುರ್ಚಿಗಳು ಮತ್ತೆ ಪಕ್ಕಪಕ್ಕದಲ್ಲಿ ಕೂತವು. ಹಾಗಾದರೆ ಓಗೊಡುವುದು ಎಂದರೇನು? ಅಕ್ಷರ ಒಬ್ಬ ಪೋಕರಿಯದೆಂದು ಗೊತ್ತಿದ್ದೂ ಮೂರು ಸಲ ಕೋಪರಿಗೆ ಹೋಗುವುದು. ಇದಕ್ಕಿಂತ ಹೆಚ್ಚು ನನಗೆ ತಿಳಿಯದು. ತಾಳ್ಮೆಗೆ ಅಯ್ಯನವರಿಗೂ, ರೊಟ್ಟಿಗೆ ಶ್ರೀಮತಿ ಆಂಟಿಗೂ, ಸೊಂಟಕ್ಕೆ ಅಮ್ಮನಿಗೂ, ಹಸಿದ ಹೊಟ್ಟೆಯಲ್ಲಿ ಇಷ್ಟು ಹೊತ್ತು ಕೂತ ನಿಮಗೂ ನಾನು ಋಣಿ.

ಹೋಗುವ ಮುನ್ನ ಒಂದು ಸಣ್ಣ ಮಾತು. ಚೀಟಿ ಬರೆದವನೇ ಮೊದಲ ಚೀಟಿ ತೆಗೆಯಬೇಕೆಂದು ಜನವರಿ ಒಂದರಂದು ಅಯ್ಯನವರು ಹೇಳಿದ್ದರು. ತೆಗೆದೆ. ಊಟ ಕೇಳುವ ಆ ಚೀಟಿ ಬಂದದ್ದು ನನಗೆ. ‘ನಿನ್ನನ್ನು ಆಶೀರ್ವದಿಸುವೆನು’ ಸಿಗುವವರೆಗೆ ಕೈಯಾಡಿಸಿ, ಅದನ್ನು ಯಾರೂ ನೋಡದಂತೆ ಮಡಚಿ ಎಲ್ಲಕ್ಕಿಂತ ಮೇಲೆಯೇ ಇಟ್ಟೆ. ನನ್ನ ಹಿಂದೆ ಸಾಲಿನಲ್ಲಿದ್ದವರು ಗುರುವಪ್ಪ ಅಂಕಲ್. ನಾನು ಎರಡು ವರ್ಷದಿಂದ ಮಾತು ಬಿಟ್ಟಿರುವ ಗೆಳೆಯ ಪೃಥ್ವಿರಾಜ್ ಇರುವುದು ಉಲ್ಹಾಸನಗರದಲ್ಲಿ. ಇಲ್ಲಿಂದ ನಾಲ್ಕೇ ಸ್ಟೇಷನ್.

ಇನ್ನೂ ಹೋಗಿಲ್ಲ. ನಮಸ್ಕಾರ.